ಎರಡು ಅಡಿಗಲ್ಲಿನ ಬೇಸಿಗೆ

ಹೊಟ್ಟೆಕಿಚ್ಚಿಗೆ ಒಂದು ವಾಸನೆ ಇದೆ ಅಂದ್ರೆ ನೀವು ನಗಬಹುದು. ನಗಿ, ಬೇಡ ಅನ್ನಲ್ಲ. ನನ್ನ ಮೂಗಿಗಂತೂ ಇದೆ. ಟ್ರ್ಯಾಕ್ಟರಿನಿಂದ ಬಸಿದ ಹಳೇ ಇಂಜಿನ್ ಆಯಿಲ್ಲನ್ನ ಕಬ್ಬಿಣ ಹೆರೆಯೋ ಟೂಲಿನ ಮೇಲೆ ತೊಟ್ಟು ತೊಟ್ಟಾಗಿ ಬಿಡ್ತಿದ್ರೆ ಒಂದು ಹೊಗೆ ಏಳುತ್ತೆ ನೋಡಿ, ಕಣ್ಣಿಗೂ ಹತ್ತುತ್ತೆ, ಬಟ್ಟೆಗೂ ಹತ್ತುತ್ತೆ, ಅದು. ನಮ್ಮ ವರ್ಕ್‌ಶಾಪಲ್ಲಿ ಆ ಅಭ್ಯಾಸ ಬಿಟ್ಟು ಕೆಲವು ವರ್ಷ ಆಯ್ತು, ಈಗ ಹಾಲಿನ ಬಣ್ಣದ ಕೂಲೆಂಟ್ ನೀರು ಬಳಸ್ತೀವಿ. ಆದ್ರೆ ಹೋದ ವಾರ ಒಂದು ಬೇರಿಂಗ್ ತರೋಕೆ ಅಂತ ತರೀಕೆರೆಗೆ ಹೋಗಿದ್ದೆ. ಬೀದಿ ತಿರುವಲ್ಲಿ ಯಾರೋ ಹೊಸದಾಗಿ ಕಬ್ಬಿಣ ಹೆರೆಯೋ ಶೇಪರ್ ಮಿಷಿನ್ ಹಾಕಿದ್ರು. ಅದೇ ಹಳೇ ಆಯಿಲ್, ಅದೇ ಹೊಗೆ. ನನ್ನ ಕಾಲು ಅಲ್ಲೇ ನಿಂತುಬಿಡ್ತು. ಬೇರಿಂಗ್ ಅಂಗಡಿಯವನು "ಏನಕ್ಕಾ, ತಲೆ ಸುತ್ತು ಬಂತಾ?" ಅಂದ. ಇಲ್ಲಪ್ಪಾ, ಒಂದು ಬೇಸಿಗೆ ನೆನಪಿಗೆ ಬಂತು ಅಂತ ಅವನಿಗೆ ಹೇಳೋಕಾಗುತ್ತಾ?

ನನ್ನ ಹೆಸರು ಭಾರತಿ. ಕಡೂರಲ್ಲಿ ನಮ್ಮದೊಂದು ವರ್ಕ್‌ಶಾಪು. ಪಂಪಿನ ಶಾಫ್ಟು, ಟ್ರೈಲರ್ ಪಿನ್ನು, ಕಾಯಿ ಸುಲಿಯೋ ಮಿಷಿನ್ನಿನ ರೋಲರು, ಇಂಥವನ್ನೆಲ್ಲ ಮಾಡ್ಕೊಡ್ತೀವಿ. ನಾನು ಐಟಿಐನಲ್ಲಿ ಮೆಷಿನಿಸ್ಟ್ ಓದಿದೋಳು. ನಮ್ಮ ಬ್ಯಾಚಿಗೆ ನಾನೊಬ್ಬಳೇ ಹುಡುಗಿ. ನಮ್ಮನೆಯೋರು ಸೋಮಶೇಖರ್ ಓದಿದೋರಲ್ಲ. ಲೇತಿನ ಮುಂದೆ ನಿಂತು ನಿಂತೇ ಕಲಿತೋರು. ನಾನು ಪೇಪರಿನ ಮೇಲೆ ಸ್ಕೇಲ್ ಇಟ್ಟು ಬರೀತೀನಿ, ಅವರು ನೆಲದ ಮೇಲೆ ಚಾಕ್‌ಪೀಸಲ್ಲಿ ಗೀಚ್ತಾರೆ. ಅವರ ಕೈ ಒಳ್ಳೇದು, ಅದಕ್ಕಿಂತ ಬಾಯಿ ಒಳ್ಳೇದು. ಬಂದೋರೆಲ್ಲ "ಸೋಮಣ್ಣಾ, ಸೋಮಣ್ಣಾ" ಅಂತಾರೆ. ನಾನು ಮೂರು ದಿನ ಕಣ್ಣು ಕಿರಿದು ಮಾಡ್ಕೊಂಡು ಹಲ್ಲು ಕೊರೆದ ಗೇರನ್ನ ತಗೊಂಡು, ಅವರ ಬೆನ್ನು ತಟ್ಟಿ, "ಸೋಮಣ್ಣನ ಕೈಗೆ ಸಾಟಿ ಇಲ್ಲ" ಅಂತ ಹೋಗ್ತಾರೆ. ಅವರು ಪಾಪ, "ಅದು ನಮ್ಮ ಭಾರತಿ ಮಾಡಿದ್ದು ಕಣ್ರೀ" ಅಂತಾನೇ ಹೇಳ್ತಾರೆ. ಅದನ್ನ ತಮಾಷೆ ಅಂದ್ಕೊಂಡು ಜನ ನಗ್ತಾರೆ. ಅವರು ಕೆಟ್ಟೋರಾಗಿದ್ರೆ ನಾಲ್ಕು ಬೈದು ನಾನೂ ನೆಮ್ಮದಿಯಾಗಿ ಇರ್ತಿದ್ದೆ. ಒಳ್ಳೆ ಗಂಡನ ಮೇಲೆ ಹೊಟ್ಟೆ ಉರ್ಕೊಳ್ಳೋದಿದ್ಯಲ್ಲ, ಅದನ್ನ ಯಾರ ಹತ್ರ ಹೇಳೋಣ?

ನನ್ನ ತೌರು ಅಜ್ಜಂಪುರ. ಅಪ್ಪ ನಂಜುಂಡಾಚಾರಿ ಕುಲುಮೆ ಕೆಲಸದೋನು. ಕುಂಟೆ, ಗುದ್ದಲಿ, ಮಚ್ಚು, ಕುಡುಗೋಲು, ಸುತ್ತಲ ಹಳ್ಳಿಯ ಕಬ್ಬಿಣವೆಲ್ಲ ಅಪ್ಪನ ಕೈಯಿಂದಲೇ ಹದ ಆಗಿ ಹೋಗಬೇಕು. ನಾನೊಬ್ಬಳೇ ಮಗಳು. ಬೆಂಕಿಗೆ ಗಾಳಿ ಊದೋ ಚಕ್ರ ತಿರುಗಿಸ್ತಾನೇ ನಾನು ಮಗ್ಗಿ ಕಲಿತಿದ್ದು. ಎದುರಿಗೆ ನಿಂತು ದೊಡ್ಡ ಸುತ್ತಿಗೆ ಹೊಡೀತಿದ್ದೋಳು ಅವ್ವ. ಅವಳ ಮಂಡಿ ಹೋದ ಮೇಲೆ ಅಪ್ಪ ಒಬ್ಬನೇ. ನಮ್ಮ ಕುಲುಮೇಲಿ ಒಂದು ಶಾಸ್ತ್ರ. ಕಬ್ಬಿಣವನ್ನ ಕೈಯಿಂದ ಕೈಗೆ ಕೊಡಬಾರದು, ಜಗಳ ಆಗುತ್ತೆ. ಕೊಡೋರು ನೆಲದ ಮೇಲಿಡಬೇಕು, ತಗೊಳ್ಳೋರು ಬಗ್ಗಿ ಎತ್ಕೋಬೇಕು. ಕೊಟ್ಟ ಹೆಣ್ಣಿನ ವಿಷಯದಲ್ಲಂತೂ ಇನ್ನೂ ಬಿಗಿ. ಮಗಳ ಮನೆಗೆ ಕಬ್ಬಿಣ ಕೊಡಬಾರದು, ಮಗಳ ಹತ್ರ ಕಬ್ಬಿಣ ಕೇಳಬಾರದು, ಸಂಬಂಧ ಕಡಿದುಹೋಗುತ್ತೆ. ನನ್ನ ಮದುವೇಲಿ, ಊರಿಗೆಲ್ಲ ಈಳಿಗೆಮಣೆ ಮಾಡಿಕೊಟ್ಟೋನು, ನನಗೆ ಮಾತ್ರ ಒಂದು ಈಳಿಗೆಮಣೆ ಕೊಡಲಿಲ್ಲ. ಪಕ್ಕದ ಮನೆಯೋರು ಕೊಟ್ರು. ಕಡೂರಿಗೆ ಬಂದ ಮೇಲೆ ನಮ್ಮನೆಯೋರು ದಿನಾ ಸ್ಪ್ಯಾನರ್‌ನ ಕೈಗೇ ಕೊಡ್ತಾರೆ. "ಅದಕ್ಕೇ ನಮ್ಮಿಬ್ರಿಗೆ ದಿನಾ ಬೀಳೋದು" ಅಂತ ನಾನು ರೇಗ್ತಿದ್ದೆ.

ಆ ವರ್ಷ ಶಿವರಾತ್ರಿ ಕಳೆದು ಬಿಸಿಲು ಏರ್ತಾ ಇತ್ತು. ಒಂದು ಬೆಳಿಗ್ಗೆ ನಮ್ಮನೆಯೋರ ಫೋನು ಬಡ್ಕೊಳ್ತು. ಕೈಯೆಲ್ಲ ಗ್ರೀಸು, ಅದಕ್ಕೆ ಸ್ಪೀಕರ್ ಹಾಕಿದ್ರು. ಅಪ್ಪನ ದನಿ.

"ಅಳಿಯಂದ್ರೇ, ಅಡಿಗಲ್ಲು ಹೋಯ್ತು."

ಅಡಿಗಲ್ಲು ಅಂದ್ರೆ ಕಾದ ಕಬ್ಬಿಣ ಇಟ್ಟು ಬಡಿಯೋ ದಿಂಡು. ನಮ್ಮ ಮುತ್ತಾತನ ಕಾಲದ್ದು. ಸೊಂಟದ ಹತ್ರ ಒಂದು ಬಿರುಕು ಮೊದಲಿಂದ ಇತ್ತಂತೆ, ಅವತ್ತು ಒಂದು ನೇಗಿಲ ಗುಳ ಬಡಿಯುವಾಗ ಎರಡು ಹೋಳಾಗಿ ಬಿತ್ತಂತೆ. ಅಂಗಡೀಲಿ ಸಿಗೋದು ಎರಕ ಹೊಯ್ದ ಬೀಡು ಕಬ್ಬಿಣದ್ದು, ಅದು ಏಟಿಗೆ ಚೂರು ಚೂರು ಉದುರುತ್ತೆ.

"ನೀವೇ ಒಂದು ಮಾಡ್ಕೊಡಬೇಕು. ಮುಂಗಾರು ಬರೋದ್ರೊಳಗೆ ಕೈಗೆ ಸಿಗಬೇಕು. ರೈತ್ರೆಲ್ಲ ಬಂದು ಕೂತ್ಕತಾರೆ."

"ಆಯ್ತು ಮಾವ, ಅದಕ್ಕೇನಂತೆ" ಅಂದ್ರು ಇವರು.

"ಭಾರತಿ ಹೆಂಗವ್ಳೆ? ಹೊತ್ತೊತ್ತಿಗೆ ಊಟ ಮಾಡ್ತಾಳಾ?"

ನಾನು ಎರಡು ಮಾರು ದೂರದಲ್ಲಿ ಶೇಪರ್ ಮುಂದೆ ನಿಂತಿದ್ದೆ. ನನ್ನದೂ ಒಂದು ಫೋನಿದೆ, ಅದರ ನಂಬರು ಅಪ್ಪನಿಗೆ ಬಾಯಿಪಾಠ. ಅಡಿಗಲ್ಲಿನ ಮಾತು ಅಳಿಯಂದ್ರ ಹತ್ರ, ಊಟದ ಮಾತು ನನ್ನ ಬಗ್ಗೆ. ನೀವೇ ಹೇಳಿ, ಹೆಂಗಾಗಬೇಡ? ಚಕ್ರ ತಿರುಗಿಸಿದೋಳು ನಾನು, ಕಿಡಿ ಸಿಡಿದು ಮೊಣಕೈ ಮೇಲೆ ಕಲೆ ಮಾಡ್ಕೊಂಡಿರೋಳು ನಾನು, ಮೆಷಿನಿಸ್ಟ್ ಸರ್ಟಿಫಿಕೇಟ್ ಇಟ್ಕೊಂಡಿರೋಳು ನಾನು. ಶಾಸ್ತ್ರ ಗೀಸ್ತ್ರ ಯಾವುದೂ ಆಗ ನನ್ನ ತಲೆಗೆ ಹೊಳೀಲಿಲ್ಲ. ಅಪ್ಪನಿಗೆ ನನಗಿಂತ ಅಳಿಯನೇ ಹೆಚ್ಚು ಅನ್ನೋದೊಂದೇ ತಲೇಲಿ ಕೂತುಬಿಡ್ತು.

ಆದ್ರೂ ಕೈ ಸುಮ್ಮನಿರ್ಲಿಲ್ಲ. ಅವತ್ತೇ ಮಧ್ಯಾಹ್ನ ನನ್ನ ಉದ್ದನೆ ನೋಟ್‌ಬುಕ್ಕಲ್ಲಿ ಅಡಿಗಲ್ಲು ಬರೆದೆ. ಮೈಗೆ ಸಾದಾ ಕಬ್ಬಿಣದ ದಿಂಡು, ಮೇಲೆ ಮುಖಕ್ಕೆ ಗಟ್ಟಿ ಸ್ಟೀಲಿನ ದಪ್ಪ ಪ್ಲೇಟು. ಆ ಪ್ಲೇಟಿಗೆ ನಡುವಲ್ಲಿ ನಾಲ್ಕೈದು ತೂತು ಕೊರೆದು, ತೂತಿನೊಳಗಿಂದಲೂ ವೆಲ್ಡ್ ತುಂಬಬೇಕು. ಬರೀ ಸುತ್ತ ಅಂಚಿಗೆ ವೆಲ್ಡ್ ಹೊಡೆದ್ರೆ, ನಡುವೆ ಪ್ಲೇಟು ಮೈಗೆ ಅಂಟಿರಲ್ಲ, ಕೂದಲೆಳೆಯಷ್ಟು ಸಂದು ಉಳಿಯುತ್ತೆ. ಕಣ್ಣಿಗೆ ಕಾಣಲ್ಲ. ಆದ್ರೆ ಸುತ್ತಿಗೆಗೆ ಗೊತ್ತಾಗುತ್ತೆ. ಗಟ್ಟಿ ಅಡಿಗಲ್ಲು ಬಿದ್ದ ಸುತ್ತಿಗೇನ ತಾನೇ ಮೇಲಕ್ಕೆ ಎಗರಿಸಿ ಕೊಡುತ್ತೆ, ಎತ್ತೋ ಕೆಲಸದಲ್ಲಿ ಅರ್ಧ ಅದರದ್ದೇ. ಟೊಳ್ಳು ಅಡಿಗಲ್ಲು ಏಟನ್ನ ನುಂಗ್ಕೊಂಡು ಸುಮ್ಮನಿರುತ್ತೆ. ಎತ್ತೋದೆಲ್ಲ ಮನುಷ್ಯನ ತೋಳೇ ಎತ್ತಬೇಕು. ಇದು ಅಪ್ಪನ ಕುಲುಮೇಲಿ ಬೆಳೆದ ನನಗೆ ಗೊತ್ತು. ಪಂಪು ಶಾಫ್ಟು ಮಾಡೋರಿಗೆ ಯಾಕೆ ಗೊತ್ತಿರುತ್ತೆ?

ನೋಟ್‌ಬುಕ್ ತಗೊಂಡು ತೋರಿಸೋಣ ಅಂತ ಹೊರಗೆ ಬಂದ್ರೆ, ಇವರು ಟೀ ಅಂಗಡಿ ಮುಂದೆ ನಾಲ್ಕು ಜನರ ನಡುವೆ ನಿಂತು ಎದೆ ಉಬ್ಬಿಸಿ ಹೇಳ್ತಿದ್ರು. "ನಮ್ಮ ಮಾವ ಅಂಥಿಂಥ ಕೆಲಸಗಾರ ಅಲ್ಲ ಕಣ್ರೀ. ಅಂಥೋರು ನನ್ನ ಕೈಲಿ ಅಡಿಗಲ್ಲು ಕೇಳಿದಾರೆ ಅಂದ್ರೆ!" ಅದರಲ್ಲಿ ಜಂಬ ಇರಲಿಲ್ಲ, ಬರೀ ಸಂತೋಷ ಇತ್ತು. ಅದೇ ನನಗೆ ಉರಿದಿದ್ದು. ನಾನು ಹಂಗೇ ಹಿಂದಕ್ಕೆ ಬಂದು ನೋಟ್‌ಬುಕ್ಕನ್ನ ಟೂಲ್ ಡ್ರಾಯರಿನ ತಳಕ್ಕೆ ತುರುಕಿದೆ.

ಮಾರನೇ ದಿನ ಗುಜರೀಲಿ ಒಂದು ದಿಂಡು ಸಿಕ್ತು. ರಸ್ತೆ ಹೆರೆಯೋ ಗ್ರೇಡರಿನ ಹಳೇ ಬ್ಲೇಡು ಮುಖಕ್ಕೆ ಅಂತ ಬಂತು. ಇವರು ನೆಲದ ಮೇಲೆ ಕೂತು ಚಾಕ್‌ಪೀಸಲ್ಲಿ ಗೀಚಿದ್ರು. ದಿಂಡು, ಮೇಲೆ ಪ್ಲೇಟು, ಸುತ್ತ ವೆಲ್ಡಿಂಗ್. ಎದ್ದು ಚಡ್ಡಿಗೆ ಕೈ ಒರೆಸ್ಕೊಂಡು ನನ್ನ ಕರೆದ್ರು.

"ಬಾರೇ ಇಲ್ಲಿ. ಸರಿ ಇದ್ಯಾ ನೋಡು. ನಿಮ್ಮಪ್ಪನ ವಸ್ತು, ಎಡವಟ್ಟಾಗಬಾರದು."

ನೋಡಿದೆ. ತಪ್ಪು ಎಲ್ಲಿದೆ ಅಂತ ಹುಡುಕೋಕೇ ಬಂದೋಳು, ಸಿಕ್ಕದೇ ಇರುತ್ತಾ? ಎದುರಿಗೇ ಬಿದ್ದಿತ್ತು. ತೂತಿಲ್ಲ, ನಡುವೆ ಹಿಡಿತ ಇಲ್ಲ.

"ಸರಿ ಇದೆ" ಅಂದೆ.

ಅಷ್ಟೇ. ಇನ್ನೊಂದು ಮಾತಾಡ್ಲಿಲ್ಲ. ನನ್ನ ಲೆಕ್ಕಾಚಾರ ಹೇಳ್ತೀನಿ ಕೇಳಿ, ಮುಚ್ಚಿಡೋದೇನಿಲ್ಲ. ಅಡಿಗಲ್ಲು ಹೋಗುತ್ತೆ, ಅಪ್ಪ ಒಂದು ಏಟು ಹಾಕ್ತಾನೆ, ದಬ್ ಅನ್ನುತ್ತೆ. "ಏನಳಿಯಂದ್ರೇ ಇದು" ಅಂತಾನೆ. ಇವರು ತಲೆ ಕೆರ್ಕೊಂಡು ನನ್ನ ಹತ್ರ ಬರ್ತಾರೆ. ಆಗ ನಾನು ಡ್ರಾಯರ್ ಎಳೆದು ನೋಟ್‌ಬುಕ್ ತೆಗೀತೀನಿ. ಒಂದು ವಾರದ ನಾಟಕ. ಯಾರಿಗೂ ಪೆಟ್ಟಾಗಲ್ಲ, ನನ್ನ ಬೆಲೆ ಎಲ್ಲರಿಗೂ ಗೊತ್ತಾಗುತ್ತೆ. ಇಷ್ಟೇ ಅಂದ್ಕೊಂಡಿದ್ದೆ.

ಯುಗಾದಿ ಹಿಂದಿನ ವಾರ ಗೂಡ್ಸ್ ಆಟೋದಲ್ಲಿ ಹಾಕ್ಕೊಂಡು ಬೀರೂರು ದಾಟಿ ಅಜ್ಜಂಪುರಕ್ಕೆ ಹೋದ್ವಿ. ನೋಡೋಕೆ ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳ್ಲಿ. ಮುಖವನ್ನ ಇವರು ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ್ರು. ಅಪ್ಪ ಜಾಲಿ ಮರದ ಹೊಸ ಕೊರಡು ನೆಟ್ಟಿದ್ದ. ಅದರ ಮೇಲೆ ಕೂರಿಸಿ, ವಿಭೂತಿ ಹಚ್ಚಿ, ಒಂದು ಹೂವಿಟ್ಟ. ಅವ್ವ ಬಾಗಿಲಲ್ಲಿ ಗೋಡೆ ಹಿಡ್ಕೊಂಡು ನಿಂತಿದ್ಲು. ಅಪ್ಪ ಸುತ್ತಿಗೆ ಎತ್ತಿ ನಡು ಮುಖಕ್ಕೆ ಒಂದು ಏಟು ಹಾಕಿದ.

ದಬ್.

ಅಪ್ಪನ ಮುಖ ನೋಡ್ತಿದ್ದೆ. ಅವನು ಅಂಗೈಯನ್ನ ಅಡಿಗಲ್ಲಿನ ಮುಖದ ಮೇಲೆ ಒಂದು ಸಲ ಸವರಿದ.

"ಲಕ್ಷಣವಾಗೈತೆ ಅಳಿಯಂದ್ರೇ" ಅಂದ. ನನ್ನ ಕಡೆ ತಿರುಗಿ, "ಏನವ್ವಾ, ನೀನೂ ನೋಡಿದ್ಯಾ ಇದನ್ನ, ಮಾಡುವಾಗ?" ಅಂದ.

"ನೋಡಿದೆ."

"ಹೂಂ" ಅಂದ, ಸುತ್ತಿಗೆ ಕೆಳಗಿಟ್ಟ. ಅವ್ವ ಹೋಳಿಗೆ ಮಾಡಿದ್ಲು, ಇವರ ಎಲೆಗೆ ಮೊದಲು ಬಡಿಸಿದ್ಲು. ಮುಂದಿನ ವಾರ ದೂರು ಬರುತ್ತೆ ಅಂತ ಸಮಾಧಾನ ಮಾಡ್ಕೊಂಡೆ.

ದೂರು ಬರ್ಲಿಲ್ಲ. ಆ ವಾರ ಬರ್ಲಿಲ್ಲ, ಮುಂದಿನ ವಾರವೂ ಬರ್ಲಿಲ್ಲ. ನಾನು ದಿನಾ ಅವ್ವನಿಗೆ ಫೋನ್ ಹಚ್ತಿದ್ದೆ. "ಅಪ್ಪ ಏನಂದ? ಅಡಿಗಲ್ಲು ಹೆಂಗಿದ್ಯಂತೆ?" ಅಂತ ಕೆದಕ್ತಿದ್ದೆ. ಅವ್ವ ಖುಷಿಯಿಂದ ಹೇಳ್ತಿದ್ಲು, "ನಿಮ್ಮಪ್ಪ ಬಂದೋರಿಗೆಲ್ಲ ತೋರಿಸ್ತಾರೆ ಕಣೇ. ನಮ್ಮ ಅಳಿಯಂದ್ರು ಕಡೂರಿಂದ ಮಾಡಿ ತಂದ್ರು, ಹಿಂಗೆ ಹೊಳೆಯೋದು ಈ ಸೀಮೇಲಿ ಯಾರತ್ರ ಐತೆ ಅಂತ." ಫೋನ್ ಇಟ್ಟ ಮೇಲೆ ನಾನು ಯಾವುದಾದ್ರೂ ಕಬ್ಬಿಣದ ತುಂಡನ್ನ ವೈಸ್‌ಗೆ ಕಚ್ಚಿಸಿ ಸುಮ್ಮನೆ ಉಜ್ತಿದ್ದೆ. ಟೊಳ್ಳು ಅಡಿಗಲ್ಲು ಕೊಟ್ಟೋರಿಗೆ ಈ ಮರ್ಯಾದೆ! ಅಪ್ಪನ ಕಿವಿಗೇನಾಗಿದೆ? ಅಳಿಯ ಮಾಡಿದ್ದು ಅಂದ್ರೆ ದಬ್ ಅನ್ನೋದೂ ಗಂಟೆ ಹಂಗೆ ಕೇಳುತ್ತಾ? ಸತ್ಯವಾಗ್ಲೂ ಹೇಳ್ತೀನಿ, ಆ ಎರಡು ತಿಂಗಳು ನಾನು ನನ್ನ ಗಂಡನ ಮುಖ ನೆಟ್ಟಗೆ ನೋಡಿರ್ಲಿಲ್ಲ. ಅವರು ಉಪ್ಪು ಕಮ್ಮಿ ಅಂದ್ರೂ ಜಗಳ, ಸರಿಯಾಗಿದೆ ಅಂದ್ರೂ ಜಗಳ. "ನಿನಗೆ ಏನಾಗಿದ್ಯೇ ಮಾರಾಯ್ತಿ, ಬಿಸಿಲು ತಲೆಗೇರಿದ್ಯಾ?" ಅಂತಿದ್ರು. ತೌರಿಗೂ ಹೋಗ್ಲಿಲ್ಲ. ಆ ಹೊಳೆಯೋ ವಸ್ತುವನ್ನ ನೋಡೋಕೆ ನನ್ನಿಂದ ಆಗ್ತಿರಲಿಲ್ಲ.

ಮೇ ತಿಂಗಳ ಕೊನೇಲಿ ಮೋಡ ಕಟ್ಟೋಕೆ ಶುರುವಾಯ್ತು. ಎರಡು ಸಲ ಒಳ್ಳೆ ಮಳೇನೂ ಆಯ್ತು. ಈರುಳ್ಳಿ ಹೊಲ ಹಸನು ಮಾಡೋ ಹೊತ್ತು, ಅಪ್ಪನ ಕುಲುಮೆ ಮುಂದೆ ಜಾತ್ರೆ ಇದ್ದಂಗೆ ಇರಬೇಕು. ಅಮಾವಾಸ್ಯೆ ದಿನ ಮಾತ್ರ ನಮ್ಮಲ್ಲಿ ಬೆಂಕಿ ಹಾಕಲ್ಲ. ಆ ಅಮಾವಾಸ್ಯೆಗೆ ಅವ್ವ ತಾನೇ ಫೋನ್ ಮಾಡಿದ್ಲು. "ಒಬ್ಳೇ ಬಂದು ಹೋಗು" ಅಂದ್ಲು. ದನಿ ಸಣ್ಣಗಿತ್ತು. ಬೆಳಿಗ್ಗೆ ಬಸ್ಸು ಹತ್ತಿದೆ.

ನಾನು ಒಳಗೆ ಕಾಲಿಡುವಾಗ ಅಪ್ಪ ಊಟಕ್ಕೆ ಕೂತಿದ್ದ. ನನ್ನ ನೋಡಿ ಗಡಿಬಿಡಿಯಿಂದ ಏನನ್ನೋ ತಟ್ಟೆ ಹಿಂದೆ ಮುಚ್ಚಿಟ್ಟ. ಒಂದು ಚಮಚ. ಎಡಗೈಲಿ ಚಮಚ ಹಿಡ್ಕೊಂಡು ಅನ್ನ ಸಾರು ತಿಂತಿದ್ದ ನಮ್ಮಪ್ಪ. ಮುದ್ದೆ ಬಿಟ್ಟು ಅನ್ನ, ಯಾಕಂದ್ರೆ ಮುದ್ದೆ ಮುರಿಯೋಕೆ ಬಲಗೈ ಬೇಕು. ಆ ಬಲಗೈ ತೊಡೆ ಮೇಲಿತ್ತು. ಮೊಣಕೈಯಿಂದ ಮುಂಗೈವರೆಗೆ ಊದಿತ್ತು, ಬೇವಿನೆಣ್ಣೆ ಬಟ್ಟೆ ಸುತ್ತಿತ್ತು.

"ಏನಪ್ಪಾ ಇದು?"

"ಏನಿಲ್ಲ, ವಯಸ್ಸಾಯ್ತಲ್ಲ. ಕೆಲಸ ಜಾಸ್ತಿ ಈ ಸಲ" ಅಂದ. "ನೀನು ಕೂತ್ಕ, ಉಣ್ಣು."

ಅವ್ವ ಹಿತ್ತಲಿಗೆ ಎಳ್ಕೊಂಡು ಹೋಗಿ ಹೇಳಿದ್ಲು. "ದಿನಾ ಸಂಜೆ ಆ ಕೈ ಮಡಚೋಕೆ ಬರಲ್ಲ ಕಣೇ. ಡಾಕ್ಟ್ರು ಸುತ್ತಿಗೆ ಮುಟ್ಟಬೇಡಿ ಅಂದವ್ರೆ. ನಾನು ಅಡಿಗಲ್ಲಿನ ಮೇಲೇ ಅನುಮಾನ ಪಟ್ಟೆ. ಹಳೇದು ಠಣ್ ಅಂತಿತ್ತು, ಇದು ಮೂಗು ಕಟ್ಟಿದಂಗೆ ಅಂತದೆ. ಆದ್ರೆ ಅಳಿಯಂದ್ರಿಗೆ ಒಂದು ಮಾತು ಹೇಳ್ಬಾರದು, ನೊಂದ್ಕತಾರೆ ಅಂತ ನಿಮ್ಮಪ್ಪ ನನ್ನ ಕೈಲಿ ಆಣೆ ಹಾಕಿಸ್ಕೊಂಡವ್ರೆ. ನೀನೂ ಹೇಳ್ಬೇಡ."

ಕುಲುಮೆ ಒಳಗೆ ಹೋದೆ. ಬೂದಿ ತಣ್ಣಗಿತ್ತು. ಚಿಕ್ಕ ಸುತ್ತಿಗೆ ತಗೊಂಡು ಅಡಿಗಲ್ಲಿನ ಅಂಚಿಗೆ ತಟ್ಟಿದೆ, ಠಣ್. ನಡುವಿಗೆ ತಟ್ಟಿದೆ, ದಬ್. ಇನ್ನೊಂದು ಸಲ ತಟ್ಟಿದೆ, ದಬ್. ನಡುವಲ್ಲಿ ಮುಖ ಸಣ್ಣಗೆ ಕುಸಿದೂ ಇತ್ತು. ಇಡೀ ಬೇಸಿಗೆ ಒಂದೊಂದು ಏಟನ್ನೂ ಅಪ್ಪ ತನ್ನ ತೋಳಿಂದಲೇ ಎತ್ತಿದಾನೆ. ಯಾರಿಗೂ ಪೆಟ್ಟಾಗಲ್ಲ ಅಂದ್ಕೊಂಡಿದ್ದೆನಲ್ಲ!

ವಾಪಸ್ ಬಸ್ಸಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ. ಅಳ್ತಾ ಅಳ್ತಾನೇ ಇನ್ನೊಂದು ಮಾತು ತಲೆಗೆ ಬಂತು. ಅಳಿಯ ನೊಂದ್ಕೊಳ್ಳಬಾರದು ಅಂತ ಇಷ್ಟು ನೋವು ತಿಂದಿದಾನೆ, ಮಗಳು ನೊಂದ್ಕೊತಾಳೆ ಅಂತ ಇದರಲ್ಲಿ ಕಾಲು ಭಾಗ ಯೋಚನೆ ಮಾಡಿದ್ದಾನಾ? ನೋಡಿ ನನ್ನ ಬುದ್ಧೀನ. ಅಪ್ಪನ ಕೈ ಊದಿರುವಾಗಲೂ ನನಗೆ ಹೊಟ್ಟೆಕಿಚ್ಚು. ಥೂ ನಿನ್ನ ಜನ್ಮಕ್ಕೆ ಅಂತ ನನಗೆ ನಾನೇ ಬೈಕೊಂಡೆ.

ಮಾರನೇ ದಿನ ಮಧ್ಯಾಹ್ನ ಕರೆಂಟು ಹೋಗಿ ಮಿಷಿನ್‌ಗಳೆಲ್ಲ ನಿಂತಿದ್ವು. ಡ್ರಾಯರಿನ ತಳದಿಂದ ನೋಟ್‌ಬುಕ್ ತೆಗೆದು ಇವರ ಮುಂದಿಟ್ಟೆ. ಅಪ್ಪನ ಕೈ ಹೆಂಗಿದೆ ಅಂತ ಹೇಳಿದೆ. ಅವರು ಪುಟ ನೋಡಿದ್ರು. ತೂತುಗಳ ಮೇಲೆ ಬೆರಳಿಟ್ರು.

"ಇದು ಯಾವಾಗ ಬರೆದಿದ್ದು?"

"ನೀವು ಚಾಕ್‌ಪೀಸಲ್ಲಿ ಬರೆಯೋಕೆ ಒಂದು ದಿನ ಮುಂಚೆ."

ನೋಟ್‌ಬುಕ್ ಮುಚ್ಚಿ ನನ್ನ ಕಡೆಗೇ ತಳ್ಳಿದ್ರು. ಬೈತಾರೆ ಅಂತ ಕಾದೆ. ಬೈದಿದ್ರೆ ಚೆನ್ನಾಗಿರ್ತಿತ್ತು.

"ನನ್ನ ಮೇಲಿನ ಸಿಟ್ಟನ್ನ ಮಾವನ ಕೈ ಮೇಲೆ ತೀರಿಸ್ಕೊಂಡ್ಯಲ್ಲೇ" ಅಂದ್ರು. ಅಷ್ಟು ಅಂದು ಚಪ್ಪಲಿ ಮೆಟ್ಕೊಂಡು ಹೋದ್ರು.

ಎರಡು ದಿನ ಮಾತಿಲ್ಲ ಕತೆಯಿಲ್ಲ. ನಾನು ತಟ್ಟೆ ಇಟ್ರೆ ಉಣ್ತಿದ್ರು, ಎತ್ತಿದ್ರೆ ಕೈ ತೊಳೀತಿದ್ರು. ಮೂರನೇ ದಿನ ತರೀಕೆರೆ ಕಡೆಯಿಂದ ಒಂದು ಗಾಡಿ ಬಂದು ವರ್ಕ್‌ಶಾಪ್ ಮುಂದೆ ನಿಂತ್ಕೊಳ್ತು. ನಾಲ್ಕು ಜನ ಸೇರಿ ಒಂದು ದುಂಡನೆ ಕಬ್ಬಿಣ ಉರುಳಿಸಿದ್ರು. ಇವರೇ ಹುಡುಕಿ ತರಿಸಿದ್ದು, ಜಲ್ಲಿ ಕ್ರಷರಿನ ಮುರಿದ ಶಾಫ್ಟು. ಒಂದು ಗೇಣು ದಪ್ಪ, ಎರಡು ಗೇಣು ಉದ್ದ. ಮೊದಲೇ ಹದ ಆಗಿರೋ ಒಳ್ಳೆ ಸ್ಟೀಲು. ವೆಲ್ಡಿಂಗ್ ಬೇಕಿಲ್ಲ, ಪ್ಲೇಟು ಬೇಕಿಲ್ಲ, ಒಂದೇ ಗಟ್ಟಿ.

"ತಗೋ, ನೀನೇ ಬರಿ. ಈ ಸಲ ನಾನು ಬಾಯಿ ಬಿಡಲ್ಲ, ಹೇಳಿದಷ್ಟು ಮಾಡ್ತೀನಿ" ಅಂದ್ರು ಇವರು, ನನ್ನ ಮುಖ ನೋಡದೆ.

ಬರೆದೆ. ಶಾಫ್ಟನ್ನ ಮಲಗಿಸಿ, ಒಂದು ತುದೀನ ಲೇತಿನ ಮೇಲೆ ಚೂಪಾಗಿ ಇಳಿಸಿದ್ರೆ ಅಡಿಗಲ್ಲಿನ ಕೊಂಬು. ಕುಡುಗೋಲು ಬಾಗಿಸೋಕೆ ಅದು ಬೇಕೇ ಬೇಕು. ಮೇಲೆ ಹೆರೆದ್ರೆ ಮುಖ, ಕೆಳಗೆ ಹೆರೆದ್ರೆ ಕೂರೋ ಜಾಗ. ಆದ್ರೆ ಕೊಂಬು ಶಾಫ್ಟಿನ ನಡುಮಧ್ಯೆ ಬಂದ್ರೆ ಮುಖಕ್ಕಿಂತ ತೀರಾ ಕೆಳಗಾಗುತ್ತೆ, ಮೇಲಕ್ಕೆ ಸರೀಬೇಕು. ಅಂದ್ರೆ ಶಾಫ್ಟನ್ನ ಲೇತಲ್ಲಿ ಸೆಂಟರ್ ತಪ್ಪಿಸಿ ಕಟ್ಟಬೇಕು.

"ಲೇತು ಕುಣಿಯುತ್ತೆ ಕಣೇ" ಅಂದ್ರು. ಬಾಯಿ ಬಿಡಲ್ಲ ಅಂದೋರು.

"ಎದುರಿಗೆ ಭಾರ ಕಟ್ಟಿ ನಿಧಾನಕ್ಕೆ ತಿರುಗಿಸಿದ್ರೆ ಕುಣಿಯಲ್ಲ."

ಕಟ್ಟಿದ್ವಿ. ಕುಣೀಲಿಲ್ಲ. ಅವರು ಕೊಂಬು ಇಳಿಸೋದನ್ನ ನಿಂತು ನೋಡಿದೆ. ಕೈ ಒಂದು ಸಲ ತಡವರಿಸ್ಲಿಲ್ಲ. ಬೆಣ್ಣೆ ತೆಗೆದಂಗೆ ಇಳೀತು. ಆ ನಯ ನನ್ನ ಕೈಗೆ ಈ ಜನ್ಮದಲ್ಲಿ ಬರಲ್ಲ. ಹೌದು, ಆಗಲೂ ಉರೀತು, ಏನ್ಮಾಡ್ಲಿ.

ಮುಖ ಹೆರೆಯೋದು ನನ್ನ ಪಾಲು. ಶೇಪರ್ ಮುಂದೆ ಮೂರು ದಿನ. ಆ ಸ್ಟೀಲಿಗೆ ಟೂಲು ಗಳಿಗೆಗೊಂದು ಸಲ ಮೊಂಡಾಗ್ತಿತ್ತು. ಹಳೇ ಇಂಜಿನ್ ಆಯಿಲ್ ತೊಟ್ಟಿಕ್ಕಿಸ್ತಾ, ಆ ಹೊಗೆ ಕುಡೀತಾ ಹೆರೀತಿದ್ರೆ, ನೀಲಿ ಬಣ್ಣದ ಸಿಂಬೆ ಸಿಂಬೆ ಚೂರು ಕಾಲ ಬುಡಕ್ಕೆ ಬೀಳ್ತಿತ್ತು. ಶೀಟಿನ ಮೇಲೆ ಮುಂಗಾರು ಮಳೆ ಧೋ ಅಂತ ಹೊಡೆಯೋದು, ಇವರು ಪಕ್ಕದಲ್ಲಿ ಟೀ ಇಟ್ಟು ಹೋಗೋರು. ಒಳ್ಳೆ ಕೆಲಸ ಸಾಗ್ತಾ ಇದ್ರೆ ಮನಸ್ಸೂ ತಿಳಿಯಾಗುತ್ತೆ ಅಂತಾರೆ. ನನಗೆ ಹಂಗೇನೂ ಆಗ್ಲಿಲ್ಲ. ಈ ಸಲ ಅಪ್ಪ ನನ್ನನ್ನೇ ಹೊಗಳಬೇಕು, ಇವರ ಮುಂದೆಯೇ ಹೊಗಳಬೇಕು ಅಂತ ಹಟ ಹಿಡಿದು ಹೆರೀತಿದ್ದೆ. ಕೊನೆಗೆ ಮೂಲೆಮಟ್ಟ ಇಟ್ಟು ನೋಡಿದೆ. ಮುಖ ಮತ್ತು ಪಕ್ಕ ಸೇರೋ ಅಂಚಲ್ಲಿ ಬೆಳಕಿನ ಒಂದು ಗೆರೆ ಕೂಡ ತೂರಲಿಲ್ಲ. ನಾಲ್ಕು ಅಂಚೂ ಕತ್ತಿ ಹಂಗೆ ನೆಟ್ಟಗೆ. ನಮ್ಮ ಐಟಿಐ ಮೇಷ್ಟ್ರು ನೋಡಿದ್ರೆ ನೂರಕ್ಕೆ ನೂರು ಹಾಕ್ತಿದ್ರು.

ಅದನ್ನ ಅಜ್ಜಂಪುರದಲ್ಲಿ ಇಳಿಸಿದ ದಿನ ಮೋಡ ಮುಚ್ಚಿತ್ತು, ಮಳೆ ಇರ್ಲಿಲ್ಲ. ಅಳಿಯಂದ್ರು ಇನ್ನೊಂದು ಅಡಿಗಲ್ಲು ಯಾಕೆ ತಂದ್ರು ಅಂತ ಅಪ್ಪ ಕೇಳ್ಲಿಲ್ಲ. ಆ ಟೊಳ್ಳು ಅಡಿಗಲ್ಲನ್ನ ಕೊರಡಿನಿಂದ ಕೆಳಗಿಳಿಸಿ, ಹೊಸದನ್ನ ಕೂರಿಸಿದ್ವಿ. ಎತ್ತೋಕೆ ಬಂದ ಜನರನ್ನ ಕರ್ಕೊಂಡು ಇವರು ಟೀಗೆ ಹೋದ್ರು. ಹೋಗೋ ಮುಂಚೆ ಬಾಗಿಲಲ್ಲಿ ನಿಂತು, "ಮಾವ, ಇದನ್ನ ಪೂರ್ತಿ ಬರೆದೋಳು ಭಾರತಿ. ನಾನು ಬರೀ ಕೈ" ಅಂದ್ರು. ಬೇಕಂತಲೇ ನಮ್ಮಿಬ್ರನ್ನ ಬಿಟ್ಟು ಹೋದ್ರು ಅಂತ ನನಗೆ ಆಮೇಲೆ ತಿಳೀತು.

ಅಪ್ಪ ಒಂದು ಬೇರಿಂಗ್ ಗುಂಡನ್ನ ಎಡಗೈಲಿ ತಗೊಂಡು ಮುಖದ ನಡುವೆ ಬಿಟ್ಟ. ಗುಂಡು ಎಗರಿ ಹೆಚ್ಚೂ ಕಮ್ಮಿ ಅವನ ಕೈವರೆಗೆ ವಾಪಸ್ ಬಂತು. ಠಣ್ ಅಂದ ದನಿ ಗೋಡೆ ಮೇಲಿನ ಇಕ್ಕಳಗಳಲ್ಲೂ ಅದುರಿತು. ಅಪ್ಪನ ಮುಖ ಅರಳ್ತು. ನಾನು ಕಾದೆ. ಹೇಳ್ತಾನೆ, ಈಗ ಹೇಳ್ತಾನೆ.

ಅಪ್ಪ ಹೆಬ್ಬೆರಳನ್ನ ಅಂಚಿನುದ್ದಕ್ಕೆ ಎಳೆದ. ಎತ್ತಿ ನನಗೆ ತೋರಿಸಿದ. ಸಣ್ಣಗೆ ರಕ್ತ.

"ಇದು ಬಡಿಯೋಕೋ, ಕೊಯ್ಯೋಕೋ?" ಅಂದ. "ಕಾದ ಕಬ್ಬಿಣ ಇಂಥ ಅಂಚಿನ ಮೇಲೆ ಬಗ್ಗಿಸಿದ್ರೆ ಅಲ್ಲೇ ಒಳಗೊಂದು ಸೀಳು ಬೀಳ್ತದೆ ಕಣವ್ವಾ. ಗುದ್ದಲಿ ರೈತನ ಕೈಲಿ ಮುರೀತದೆ. ಅಂಚು ಚೂರು ದುಂಡಗಿರಬೇಕು. ಮುತ್ತಾತನ ಅಡಿಗಲ್ಲು ನೀನು ಎಷ್ಟು ಸಲ ಒರೆಸಿಲ್ಲ, ಒಂದು ದಿನಾನಾದ್ರೂ ಕೈ ಕುಯ್ಕೊಂಡಿದ್ಯಾ?"

ನಾನು ಮೂರು ದಿನ ಉಸಿರು ಬಿಗಿಹಿಡಿದು ಹೆರೆದಿದ್ದ ಅಂಚು. ಇವರ ತಪ್ಪನ್ನ ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದೋಳಿಗೆ ನನ್ನ ತಪ್ಪು ಮೂಲೆಮಟ್ಟ ಇಟ್ರೂ ಕಾಣ್ಲಿಲ್ಲ. ಆಗ ನನ್ನ ಬಾಯಿಂದ ತಾನಾಗೇ ಬಂದುಬಿಡ್ತು.

"ಅಪ್ಪಾ, ಮೊದಲನೇದು ಟೊಳ್ಳು ಅಂತ ನನಗೆ ಮೊದಲೇ ಗೊತ್ತಿತ್ತು."

"ನನಗೂ ಗೊತ್ತಿತ್ತು."

"ಟೊಳ್ಳು ಅಂತಲಾ?"

"ಅದು ಒಂದೇ ಏಟಿಗೆ ಗೊತ್ತಾಯ್ತು. ನಾನು ಹೇಳಿದ್ದು ಅದಲ್ಲ. ನಿನಗೆ ಗೊತ್ತಿತ್ತು ಅಂತ ನನಗೆ ಗೊತ್ತಿತ್ತು." ಅಪ್ಪ ರಕ್ತವನ್ನ ಪಂಚೆಗೆ ಒರೆಸ್ಕೊಂಡ. "ನೋಡಿದೆ ಅಂದ್ಯಲ್ಲ ಅವತ್ತು. ಕಬ್ಬಿಣದಲ್ಲಿ ನೀನು ನೋಡಿ, ನಿನ್ನ ಕಣ್ಣು ತಪ್ಪಿಸ್ಕೊಳ್ಳೋವಂಥದ್ದು ಏನೈತೆ?"

ಹುಟ್ಟಿದಾಗಿಂದ ಕಾಯ್ತಿದ್ದ ಮಾತು ಅದು. ಎಂಥ ಹೊತ್ತಲ್ಲಿ ಬಂತು ನೋಡಿ.

"ಮತ್ತೆ ಅದರ ಮೇಲೆ ಯಾಕೆ ಬಡಿದೆ ಇಷ್ಟು ದಿನ?"

"ಇವತ್ತು ಬಂದು ಹೇಳ್ತೀಯ, ನಾಳೆ ಬಂದು ಹೇಳ್ತೀಯ ಅಂತ. ನಾನೇ ಬಾಯಿ ಬಿಟ್ರೆ ನೀನು ಗಂಡನ ಮುಂದೆ ಸಣ್ಣೋಳಾಗ್ತಿದ್ದೆ."

ಅವನು ಮುಚ್ಚಿದ್ದು ಅಳಿಯನ ಮಾನ ಅಂದ್ಕೊಂಡಿದ್ದೆ. ಮುಚ್ಚಿದ್ದು ನನ್ನದು. ಆದ್ರೂ ಕೇಳಿದೆ. ಕೇಳದೇ ಬಿಟ್ರೆ ನಾನು ನಾನಲ್ಲ.

"ಮತ್ತೆ ಮೊದಲು ನನ್ನನ್ನೇ ಯಾಕೆ ಕೇಳ್ಲಿಲ್ಲ? ಅವರನ್ನ ಯಾಕೆ ಕೇಳಿದೆ?"

"ಮಗಳ ಹತ್ರ ಕಬ್ಬಿಣ ಕೇಳ್ತಾರೇನೇ? ಒಂದು ಈಳಿಗೆಮಣೆ ಕೊಡೋಕೂ ಹೆದರಿದೋನು ನಾನು. ಅಳಿಯಂದ್ರನ್ನ ಕೇಳಿದ್ರೆ ಮಾಡೋಳು ನೀನೇ ಅಂತ ನನಗೆ ಗೊತ್ತಿಲ್ವಾ?"

ಅಪ್ಪ ಗೋಡೆ ಕಡೆ ತಿರುಗಿ, ಮೊಳೆಗೆ ಸಿಕ್ಕಿಸಿದ್ದ ದೊಡ್ಡ ಅರ ತೆಗೆದ. ಕಬ್ಬಿಣ ಉಜ್ಜಿ ನಯ ಮಾಡೋ ಅರ, ಅವನ ಅಪ್ಪನದ್ದು. ನನ್ನ ಕಡೆ ಚಾಚಿದ.

"ಹಿಡಿ. ನೀನೇ ಮಾಡಿದ ಅಂಚು, ನೀನೇ ದುಂಡಗೆ ಮಾಡು."

ನನ್ನ ಕೈ ತಾನಾಗೇ ಹಿಂದಕ್ಕೆ ಹೋಯ್ತು. "ಕೆಳಗಿಡಪ್ಪ, ಎತ್ಕೊತೀನಿ."

"ಯಾಕೆ?"

"ಕೈಯಿಂದ ಕೈಗೆ ಕೊಟ್ರೆ ಜಗಳ ಆಗುತ್ತೆ ಅಂತ ನೀನೇ..."

"ಇಡೀ ಬೇಸಿಗೆ ಒಬ್ಳೇ ಆಡಿದ್ದೀಯಲ್ಲ ಜಗಳನ" ಅಂದ ಅಪ್ಪ. "ಇನ್ನೇನು ಉಳಿದೈತೆ? ಹಿಡಿ."

ಅವನು ಚಾಚಿದ್ದು ಬಲಗೈ. ಬೇವಿನೆಣ್ಣೆ ಬಟ್ಟೆ ಸುತ್ತಿದ ಕೈ. ಒಂದು ಅರದ ಭಾರಕ್ಕೆ ಅದು ನಡುಗ್ತಿತ್ತು. ನಾನು ಬೇಗ ಇಸ್ಕೊಂಡೆ.